ಬಾಣಂತಿ ಕಡೆಯವರು

ಮುಂಬಯಿ ಸರ್ಕಾರದ ಕಾಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು, ಗಜೇಂದ್ರಗಡದ ಗುಡ್ಡದಲ್ಲಿ ಹಿಡಿದ ತೊಗಲುಬಾವಲಿಯೊಂದನ್ನು ಮರಿಸಮೇತ ಪಂಜರದಲ್ಲಿಟ್ಟುಕೊಂಡು ಊರಲ್ಲಿ ಬಾಡಿಗೆ ಕೋಣೆ ಹುಡುಕುತ್ತಿದ್ದೆ. ಎಲ್ಲ ಮನೆಯಲ್ಲೂ ಮೊದಲು ಜಾತಿಯ ವಿಚಾರಣೆ: "ನೀವು ಯಾರ ಪೈಕಿರಿ?" ದಿನವಿಡೀ ಪ್ರಾಣಿಗಳನ್ನು ಕುಲ, ಕುಟುಂಬ ಎಂದು ವಿಂಗಡಿಸುವ ನನಗೆ ನನ್ನದನ್ನು ಹೇಳಲು ಮಾತ್ರ ಮೈ ಉರಿಯುತ್ತಿತ್ತು. ಹೇಳಲಿಲ್ಲ; ಕೋಣೆಯೂ ಸಿಗಲಿಲ್ಲ.

ಓಣಿಯ ಕೊನೆಯ ಮನೆಯ ಗೌರವ್ವನೂ ಹೊಸ್ತಿಲಿಗೆ ಅಡ್ಡ ನಿಂತು ಅದನ್ನೇ ಕೇಳಿದರು. ಅಷ್ಟರಲ್ಲಿ ಪಂಜರ ಅವರ ಕಣ್ಣಿಗೆ ಬಿತ್ತು. ತಾಯಿಬಾವಲಿಯ ಎದೆ ಕಚ್ಚಿ ಮರಿ ಹಾಲು ಕುಡಿಯುತ್ತಿತ್ತು.

"ಅಯ್ಯ, ಈ ಹಕ್ಕಿ ಮರಿಗೆ ಮೊಲಿ ಕುಡಸ್ತದೇನ್ರಿ?"

"ಹಕ್ಕಿ ಅಲ್ಲ ಯವ್ವಾ. ರೆಕ್ಕಿ ನೋಡಿ ಪೈಕಿ ಹೇಳಾಕ ಬರೂದಿಲ್ಲ. ಹಡದು ಹಾಲು ಕುಡಸೂವೆಲ್ಲಾ ಒಂದ ಬಳಗ. ಆಕಳಾ, ಬಾವಲಿ, ನೀವು, ನಾವು."

ಗೌರವ್ವ ಬಗ್ಗಿ ಪಂಜರದೊಳಗೆ ಇಣುಕಿದರು. ಆಮೇಲೆ ಹೊಸ್ತಿಲು ಬಿಟ್ಟು ಸರಿದರು.

"ಲಗೂ ಒಳಗ ಬರ್ರಿ. ಹಸಿ ಬಾಣಂತೀನ ಗಾಳ್ಯಾಗ ನಿಲ್ಲಸ್ತಾರೇನ್ರಿ?"

ಅಲ್ಲಿದ್ದಷ್ಟು ದಿನವೂ ಬಾಳೆಹಣ್ಣು ಮೊದಲು ಪಂಜರಕ್ಕೆ, ಆಮೇಲೆ ನನಗೆ. ನಾನು ಯಾರ ಪೈಕಿ ಎಂದು ಅವರು ಮತ್ತೆ ಕೇಳಲೇ ಇಲ್ಲ. ಓಣಿಯವರು ಕೇಳಿದರೆ ತಾವೇ ಹೇಳಿಬಿಡುತ್ತಿದ್ದರು:

"ಇವರಾ? ನಮ್ಮ ಬಾಣಂತಿ ಕಡಿಯವ್ರು."