ಅತ್ತೆ ಎಪ್ಪತ್ತು ದಾಟಿದ ಭಾನುವಾರ

ನಮ್ಮ ಅತ್ತೆಗೆ ಎರಡು ವಯಸ್ಸಿತ್ತು. ಆಧಾರ್ ಕಾರ್ಡಿನ ಪ್ರಕಾರ ಅರವತ್ತೆರಡು; ಅದು ಕಾರ್ಡು ಮಾಡಿಸಿದ ದಿನ ಅವರೇ ಬಾಯಿಗೆ ಬಂದಂತೆ ಹೇಳಿದ್ದು. ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನ ಪ್ರಕಾರ ಎಪ್ಪತ್ತೊಂದು. ಮುಳಬಾಗಿಲಿನ ನಮ್ಮ ಚಿಕ್ಕ ಚರ್ಚಿಗೆ ನಾನೇ ಕಾರ್ಯದರ್ಶಿ, ಆ ರಿಜಿಸ್ಟರ್ ಇರುವ ಬೀರುವಿನ ಕೀಲಿಕೈಯೂ ನನ್ನ ಹತ್ತಿರವೇ. ಕೊರೊನಾ ಬರುವವರೆಗೆ ಈ ವ್ಯತ್ಯಾಸದಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಚರ್ಚು ಮುಚ್ಚಿದ್ದ ತಿಂಗಳುಗಳಲ್ಲಿ ಭಾನುವಾರದ ಆರಾಧನೆ ಫೋನಿನಲ್ಲಿ ಬರುತ್ತಿತ್ತು. ಅತ್ತೆ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನಿನ ಮುಂದೆ ಕೂರುತ್ತಿದ್ದರು. ಪಾದ್ರಿ ಅಯ್ಯನವರು ಕೊನೆಯ ಆಶೀರ್ವಾದಕ್ಕೆ ಕೈ ಎತ್ತುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು. "ಈ ವಾರಾನೂ ಆಶೀರ್ವಾದ ಅರ್ಧಾನೇ ಬಂತು" ಎಂದು ಪೆಚ್ಚಾಗಿ ಏಳುತ್ತಿದ್ದರು. ನನಗೆ ನಗು ಬರುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು. ಮದುವೆಯಾದಂದಿನಿಂದ ಅವರು ಚರ್ಚಿನ ಕಿಟಕಿ ಪಕ್ಕದ ಬೆಂಚು ಬಿಟ್ಟು ಬೇರೆಲ್ಲೂ ಕೂತವರಲ್ಲ.

ಇನ್ನು ಬಾಗಿಲು ತೆರೆಯಬಹುದು ಎಂದಾದಾಗ ಕಮಿಟಿ ಸೇರಿತು. ಅರವತ್ತೈದು ದಾಟಿದವರು ಮನೆಯಲ್ಲೇ ಇರಲಿ ಎಂದು ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ನಾನು. ನಿಯಮಗಳನ್ನೆಲ್ಲ ಬರೆದು ಗೇಟಿಗೆ ಅಂಟಿಸಿದವಳೂ ನಾನೇ. ಮನೆಯಲ್ಲಿ ಬೆನ್ನ ಹಿಂದೆ ನನ್ನನ್ನು ಪೊಲೀಸಮ್ಮ ಅನ್ನುವುದು ಸುಮ್ಮನೆ ಅಲ್ಲ.

ಆ ಭಾನುವಾರ ಸ್ಯಾನಿಟೈಸರ್ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಮನೆಯಲ್ಲಿ ಬಿಟ್ಟುಬಂದಿದ್ದ ಅತ್ತೆ ಆಟೋದಿಂದ ಇಳಿದರು. ಬೈಬಲ್ಲಿನೊಳಗಿಂದ ಆಧಾರ್ ಕಾರ್ಡು ಹೊರಬಂತು.

"ನೋಡಮ್ಮಾ, ಅರವತ್ತೆರಡೇ. ಸರ್ಕಾರದೋರೇ ಬರ್ಕೊಟ್ಟಿದ್ದಾರೆ."

"ಅತ್ತೆ, ನೀವು ಹುಟ್ಟಿದ ತಾರೀಕು ರಿಜಿಸ್ಟರಲ್ಲಿದೆ. ತಂದು ತೋರಿಸ್ಲಾ?"

ಸಾಲಿನಲ್ಲಿದ್ದವರು ಮಾಸ್ಕಿನೊಳಗೇ ನಕ್ಕರು. ಅತ್ತೆಯ ಮುಖ ಸಣ್ಣದಾಯಿತು. "ಸರೇ ಬಿಡಮ್ಮಾ" ಎಂದು ಬಂದ ಆಟೋದಲ್ಲೇ ವಾಪಸಾದರು.

ನಾನು ಹೇಳಬೇಕಿದ್ದ ಮಾತು ಬೇರೆ ಇತ್ತು. ನಮ್ಮ ಬೀದಿಯ ಇಬ್ಬರನ್ನು ಆಸ್ಪತ್ರೆಯಿಂದ ನೇರ ಮಣ್ಣಿಗೆ ಒಯ್ದಿದ್ದರು, ಮುಖ ನೋಡಲೂ ಆಗಿರಲಿಲ್ಲ. ನಿಮ್ಮನ್ನು ಹಾಗೆ ಕಳೆದುಕೊಳ್ಳಲು ನನ್ನಿಂದಾಗದು ಅತ್ತೆ, ಎನ್ನುವ ಬದಲು ರಿಜಿಸ್ಟರ್ ತರಲಾ ಎಂದಿದ್ದೆ. ಭಯವಾದಾಗ ನನ್ನ ಬಾಯಿಗೆ ಬರುವುದು ಬರೀ ನಿಯಮ.

ಎರಡನೇ ಅಲೆ ಬಂತು, ಚರ್ಚಿಗೆ ಮತ್ತೆ ಬೀಗ. ಅದು ಇಳಿಯುವ ಹೊತ್ತಿಗೆ ಅತ್ತೆಗೆ ಲಸಿಕೆಯ ಎರಡು ಸೂಜಿಯೂ ಆಗಿತ್ತು, ನನಗೆ ಒಂದೇ. ಕಮಿಟಿಯಲ್ಲಿ ಮತ್ತದೇ ಚರ್ಚೆ, ಯಾವಾಗ ತೆರೆಯುವುದು, ಯಾರು ಮೊದಲು ಬರುವುದು. ನಾನು ಬಾಯಿ ತೆರೆಯುವ ಮೊದಲೇ ಅಯ್ಯನವರು ಹೇಳಿದರು: "ಹೋದ ಸಲ ದೊಡ್ಡೋರನ್ನ ಹೊರಗಿಟ್ವಿ. ಈ ಸಲ ಮೊದಲ್ನೇ ಭಾನುವಾರ ಅವರದೇ ಆಗ್ಲಿ. ಎಪ್ಪತ್ತು ದಾಟಿ, ಎರಡೂ ಸೂಜಿ ಆದೋರು ಮಾತ್ರ. ಮಿಕ್ಕೋರು ಆಮೇಲೆ." ಎಲ್ಲರೂ ಒಪ್ಪಿದರು, ನಾನೂ.

ಮನೆಗೆ ಬಂದು ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆಯ ಕೈ ನಿಂತಿತು.

"ಆ ರಿಜಿಸ್ಟರು ಇನ್ನೂ ಇದೆಯೇನಮ್ಮಾ?"

"ಯಾಕತ್ತೆ? ನಿಮಗೀಗ ಅರವತ್ಮೂರಲ್ವಾ?"

"ತಲೆಹರಟೆ ಬಿಡು. ಎಪ್ಪತ್ತೆರಡು ಕಣಮ್ಮಾ ನಂಗೆ. ಯಾರ್ನ ಬೇಕಾದ್ರೂ ಕೇಳು!"

ಭಾನುವಾರ ಗೇಟಿನಲ್ಲಿ ಮತ್ತೆ ನಾನೇ. ಬೆಂಚಿನವರೆಗೆ ಕೈ ಹಿಡಿದು ಬಿಟ್ಟುಬರುತ್ತೇನೆ ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗಿನ್ನೂ ವಯಸ್ಸಾಗಿಲ್ಲ. ರೂಲ್ಸ್ ಅಂದ್ರೆ ರೂಲ್ಸು. ಇಲ್ಲೇ ನಿಂತ್ಕೋ." ಹಿಂದಿದ್ದ ಮುದುಕರೆಲ್ಲ ಈ ಸಲ ಜೋರಾಗಿಯೇ ನಕ್ಕರು.

ಎಲ್ಲರೂ ಒಳಗೆ ಹೋದ ಮೇಲೆ ನಾನು ಅತ್ತೆಯ ಬೆಂಚಿನ ಕಿಟಕಿಯ ಹೊರಗೆ ನಿಂತೆ. ಹತ್ತಿಪ್ಪತ್ತು ನಡುಗುವ ದನಿಗಳು ಹಾಡುತ್ತಿದ್ದವು, ತಾಳ ತಪ್ಪುತ್ತಿತ್ತು, ಯಾರಿಗೂ ಪರಿವೆ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಕೊನೆಗೆ ಅಯ್ಯನವರು ಆಶೀರ್ವಾದ ಹೇಳತೊಡಗಿದಾಗ ಕಿಟಕಿಯ ಸರಳುಗಳ ನಡುವಿನಿಂದ ಅತ್ತೆಯ ಕೈ ಹೊರಬಂದು ನನ್ನ ತಲೆಯ ಮೇಲೆ ಕೂತಿತು.

ಆರಡಿ ದೂರ ಎಂದು ಬರೆದು ಗೇಟಿಗೆ ಅಂಟಿಸಿದವಳು ನಾನೇ. ಆಶೀರ್ವಾದ ಪೂರ್ತಿ ಮುಗಿಯುವವರೆಗೂ ಕದಲಲಿಲ್ಲ.