ಬುತ್ತಿ ಕಟ್ಟಿದ ಜೆರಾಕ್ಸ್ ಕಾಕ

ಜೆರಾಕ್ಸ್ ಕಾಕನ ಬಲಗೈ ಹೆಬ್ಬೆರಳಿಗೆ ಸದಾ ಒಂದು ರಬ್ಬರಿನ ಟೊಪ್ಪಿ ಇರುತ್ತಿತ್ತು. ಬ್ಯಾಂಕಿನವರು ನೋಟು ಎಣಿಸುವಾಗ ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಸಣ್ಣ ಗುಳ್ಳೆಗಳಿರುವ ಕೆಂಪು ಟೊಪ್ಪಿ, ಅದೇ. ಕಾಗದ ಬಿಡಿಸಲೆಂದು ಹಾಕಿಕೊಂಡದ್ದನ್ನು ತೆಗೆಯಲು ಅವರಿಗೆ ನೆನಪಾಗುತ್ತಿರಲಿಲ್ಲ. ಆ ಕೈಯಲ್ಲೇ ಚಹಾ ಕುಡಿಯುತ್ತಿದ್ದರು, ಆ ಕೈಯಲ್ಲೇ ಕೀಬೋರ್ಡು ಕುಟ್ಟುತ್ತಿದ್ದರು. ಉಳಿದ ಬೆರಳುಗಳ ಗೆರೆಗಳಲ್ಲೆಲ್ಲ ಟೋನರಿನ ಕಪ್ಪು ಹುಡಿ. ಕೀಬೋರ್ಡಿನ ಮೇಲಿನ ಅಕ್ಷರಗಳು ಅಳಿಸಿಹೋಗಿ ವರ್ಷಗಳಾಗಿದ್ದವು. ಜಾಗ ಬಿಡುವ ಉದ್ದನೆಯ ಕೀಲಿ ಮಾತ್ರ ರಬ್ಬರು ಉಜ್ಜಿ ಉಜ್ಜಿ ನುಣ್ಣಗೆ ಹೊಳೆಯುತ್ತಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಸಾಲಿನ ಮೊದಲು ಬಿಡುವ ಖಾಲಿ ಜಾಗವೂ ಬರಹವೇ. ಆ ಖಾಲಿ ಜಾಗವನ್ನು ಕಾಕ ಹೆಬ್ಬೆರಳಿನಿಂದ ಎಣಿಸಿ ಎಣಿಸಿ ಬಿಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಮೂಡುಬಿದಿರೆಯಲ್ಲಿ ಎಂಸಿಎ ಓದುತ್ತಿದ್ದಾಗ. ನಮ್ಮ ಮನೆ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ. ಪ್ರಾಜೆಕ್ಟ್ ವರದಿಯ ನಾಲ್ಕು ಪ್ರತಿ ಮಾಡಿಸಲು ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರದ ಅವರ ಅಂಗಡಿಗೆ ಹೋಗಿದ್ದೆ. ಯಂತ್ರ ಕಾಗದ ಉಗುಳುತ್ತಿತ್ತು, ಕಾಕ ಪಕ್ಕದ ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದರು. ಇಣುಕಿ ನೋಡಿದರೆ ಪೈಥಾನ್. ಜೆರಾಕ್ಸ್ ಅಂಗಡಿಯಲ್ಲಿ ಪೈಥಾನ್ ನೋಡಿ ನನ್ನ ಜಂಬಕ್ಕೆ ಸ್ವಲ್ಪ ಏಟೇ ಬಿತ್ತು. ಒಂದು ಸಾಲು ತೋರಿಸಿ, ಅದು ತಪ್ಪು ಎಂದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿ, "ಹೌದಾ? ನೀನು ಕಲಿತವಳಲ್ವಾ ಮಗಾ. ಕೂತ್ಕೋ, ನೋಡುವ" ಎಂದು ಸ್ಟೂಲು ಎಳೆದು ಕೊಟ್ಟರು. ಅರ್ಧ ಗಂಟೆಯಲ್ಲಿ ಗೊತ್ತಾಯಿತು, ಅವರ ಸಾಲು ಸರಿಯಿತ್ತು, ತಪ್ಪಿದ್ದು ನಾನು. ಅವರು ಆ ಮಾತೆತ್ತಲೇ ಇಲ್ಲ. ನನ್ನ ವರದಿಯ ಹಾಳೆಗಳನ್ನು ಜೋಡಿಸಿ ಕೊಟ್ಟು, ಪುರುಸೊತ್ತಿದ್ದಾಗ ಬಾ ಎಂದರು.

ಕಾಕ ಬಹಳ ವರ್ಷ ಗಲ್ಫಿನಲ್ಲಿದ್ದವರು. ಕಟ್ಟಡ ಕಟ್ಟುವ ಕಂಪೆನಿಯೊಂದರ ಆಫೀಸಿನಲ್ಲಿ ನಕ್ಷೆಗಳನ್ನು ಜೋಪಾನ ಮಾಡುವ ಕೆಲಸ. ಕಂಪ್ಯೂಟರು ಕಲಿತದ್ದೂ ಅಲ್ಲೇ, ಯಾರೂ ಹೇಳಿಕೊಡದೆ. ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ನೆರಿಯ ಹಳ್ಳಿಯ ವಾಚನಾಲಯದವರು ಒಂದು ದೂರು ತಂದರಂತೆ. ಅವರ ವೆಬ್‌ಸೈಟ್ ಮಾಡಿಕೊಟ್ಟವನು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದ, ಆ ಕಾಡಿನ ಅಂಚಿನಲ್ಲಿ ಸಿಗುವ ಒಂದು ಗೆರೆ ಸಿಗ್ನಲ್‌ಗೆ ಪುಟವೂ ತೆರೆಯುತ್ತಿರಲಿಲ್ಲ. ಅವರಿಗಾಗಿ ಕಾಕ ಒಂದು ಪ್ರೋಗ್ರಾಂ ಬರೆದರು. ನಾವು ಬರೆದದ್ದನ್ನು ಸಾದಾ ಫೈಲುಗಳಲ್ಲಿ ಇಟ್ಟು ಒಮ್ಮೆ ಅದನ್ನು ಓಡಿಸಿದರೆ ಇಡೀ ವೆಬ್‌ಸೈಟಿನ ಪುಟಗಳು ಸಿದ್ಧ. ನನಗೆ ಅವರು ವಿವರಿಸಿದ್ದು ಹೀಗೆ: "ಆರ್ಡರ್ ಕೊಟ್ಟ ಮೇಲೆ ದೋಸೆ ಹೊಯ್ಯುವುದು ಹೋಟೆಲಿನ ಕ್ರಮ. ಬೆಳಿಗ್ಗೆಯೇ ಕಟ್ಟಿಕೊಂಡು ಹೋಗುವುದು ಬುತ್ತಿ. ಹಸಿದವ ಬಿಚ್ಚಿದರೆ ಆಯ್ತು, ಕಾಯ್ಲಿಕ್ಕೆ ಇಲ್ಲ." ಪ್ರೋಗ್ರಾಮಿಗೂ ಬುತ್ತಿ ಎಂದೇ ಹೆಸರಿಟ್ಟು, ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ ಎಂದು ಅಂತರ್ಜಾಲದಲ್ಲಿ ಬಿಟ್ಟಿದ್ದರು.

ಆಶ್ಚರ್ಯವೆಂದರೆ ಜನ ತೆಗೆದುಕೊಂಡರು. ನೆರಿಯಕ್ಕೆಂದು ಕಟ್ಟಿದ ಬುತ್ತಿಯನ್ನು ಬ್ರೆಜಿಲಿನ ಹುಡುಗಿ ಒಬ್ಬಳು, ಪೋಲೆಂಡಿನ ಮುದುಕ ಒಬ್ಬರು, ಇನ್ನೂ ಎಲ್ಲೆಲ್ಲಿಯವರೋ ಬಿಚ್ಚಿಕೊಂಡು ಕೂತಿದ್ದರು. ಅವರ ಪ್ರಶ್ನೆ, ದೂರು, ತಕರಾರುಗಳೆಲ್ಲ ಒಂದು ಪುಟದಲ್ಲಿ ಸಾಲಾಗಿ ಬಂದು ನಿಲ್ಲುತ್ತಿದ್ದವು. ಅವುಗಳಿಗೆ ಉತ್ತರ ಬರೆಯಲು, ಬುತ್ತಿ ತಿದ್ದಲು ನಾನು ಸಂಜೆ ಬಸ್ಸಿಳಿದು ನೇರ ಅಂಗಡಿಗೆ ಹೋಗುವ ಅಭ್ಯಾಸ ಶುರುವಾಯಿತು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ಅಮ್ಮ ಗೊಣಗುತ್ತಿದ್ದಳು. ಆದರೆ ಕಾಲೇಜಿನಲ್ಲಿ ಕಲಿಯದ್ದನ್ನು ನಾನು ಆ ಸ್ಟೂಲಿನ ಮೇಲೆ ಕಲಿತೆ. ಮೂಡುಬಿದಿರೆಯಲ್ಲಿ ನನಗೆ ಕೆಲಸ ಕೊಟ್ಟವರು ಕೂಡ ನನ್ನ ಅಂಕ ನೋಡಲಿಲ್ಲ, ಬುತ್ತಿಯಲ್ಲಿ ನಾನು ಬರೆದದ್ದನ್ನು ನೋಡಿದರು. ಇವತ್ತು ಉಣ್ಣುವ ಅನ್ನ ಅಲ್ಲಿಂದ ಬಂದದ್ದು.

ಕಾಕನಿಗೆ ಒಂದು ಕ್ರಮವಿತ್ತು. ಯಾರೇ ಏನೇ ಕೇಳಿರಲಿ, ಆ ದಿನ ಅಂಗಡಿಯ ಬಾಗಿಲು ಎಳೆಯುವ ಮೊದಲು "ಸಿಕ್ಕಿತು, ನೋಡಿ ಹೇಳುತ್ತೇನೆ" ಎಂದು ತಮ್ಮ ಗಲ್ಫ್ ಇಂಗ್ಲಿಷಿನಲ್ಲಿ ಬರೆಯಲೇಬೇಕು. ಉತ್ತರ ವಾರ ಕಳೆದು ಕೊಟ್ಟರೂ ಅಡ್ಡಿಯಿಲ್ಲ. ಹಿಂದಿನ ಆಫೀಸಿನಲ್ಲಿ ಬಂದ ಪ್ರತಿಯೊಂದು ನಕ್ಷೆಗೂ ಅದೇ ದಿನ ಸ್ವೀಕೃತಿಯ ಮುದ್ರೆ ಒತ್ತುತ್ತಿದ್ದರಂತೆ. ಮುದ್ರೆ ಬೀಳದ ಕಾಗದ ಕಳೆದುಹೋದ ಕಾಗದ ಎನ್ನುತ್ತಿದ್ದರು. ಒಮ್ಮೆ ಯಾರೋ ತೀರಾ ಪೆದ್ದು ಪ್ರಶ್ನೆ ಕೇಳಿದಾಗ, ಎಲ್ಲ ಬರೆದಿಟ್ಟಿದೆ, ಮೊದಲು ಓದಿಕೊಂಡು ಬನ್ನಿ ಎಂದು ನಾನು ಉತ್ತರಿಸಿದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಕಾಕ ಅದನ್ನು ಓದಿ, ಅಂಗಡಿಗೆ ಬಂದವರ ಹತ್ತಿರ ಹೊರಗಿನ ಬೋರ್ಡು ಓದು ಎಂದು ಯಾರಾದರೂ ಹೇಳುತ್ತಾರಾ ಎಂದು ಕೇಳಿದರು. ಆಮೇಲೆ ನನ್ನ ಉತ್ತರದ ಕೆಳಗೆ ತಾವು ಕ್ಷಮೆ ಕೇಳಿ, ಇಡೀ ವಿಷಯವನ್ನು ಅಕ್ಷರಾಭ್ಯಾಸದಿಂದ ವಿವರಿಸಿದರು. ನಾನು ಮುಖ ಊದಿಸಿಕೊಂಡು ಮನೆಗೆ ಹೋದೆ.

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೊದಲು ಪರದೆಯ ಅಕ್ಷರ ದೊಡ್ಡದಾಯಿತು, ಆಮೇಲೆ ಕನ್ನಡಕದ ಮೇಲೆ ಭೂತಕನ್ನಡಿ ಬಂತು. ಕೊನೆಗೆ ಅಂಗಡಿ ಬಿಟ್ಟುಕೊಟ್ಟು ಬಂಟ್ವಾಳದ ಮಗಳ ಮನೆಗೆ ಹೊರಟರು. ಹೊರಡುವ ಮುಂಚೆ ಬುತ್ತಿಯ ಪೂರ್ತಿ ಹಕ್ಕನ್ನು ನನ್ನ ಹೆಸರಿಗೆ ಮಾಡಿ, ನೋಡಿಕೊಳ್ಳುತ್ತೀಯಲ್ಲ ಎಂದು ಕೇಳಿದರು. ನೋಡಿಕೊಳ್ತೇನೆ ಕಾಕ ಎಂದೆ. ಒಂದು ಕ್ಷಣವೂ ಯೋಚಿಸದೆ ಹೇಳಿದ ಮಾತು.

ಮೊದಲ ವರ್ಷ ನೋಡಿಕೊಂಡೆ. ಆಮೇಲೆ ಆಫೀಸಿನ ಕೆಲಸ ಏರಿತು, ಬುತ್ತಿಯ ಪ್ರಶ್ನೆಗಳ ಸಾಲು ಉದ್ದವಾಯಿತು. ಬಿಟ್ಟಿ ಪಡೆದವರ ದರ್ಪ ದುಡ್ಡು ಕೊಟ್ಟವರಿಗೂ ಇರುವುದಿಲ್ಲ. ನಿನ್ನೆಯಿಂದ ಕಾಯುತ್ತಿದ್ದೇನೆ ಎನ್ನುವವರು, ಇಷ್ಟೂ ಗೊತ್ತಿಲ್ಲದಿದ್ದರೆ ಯಾಕೆ ಮಾಡುತ್ತೀರಿ ಎನ್ನುವವರು. ಬೆಳಿಗ್ಗೆ ಫೋನ್ ತೆರೆದರೆ ಎದೆ ಭಾರವಾಗುತ್ತಿತ್ತು. ಕೊನೆಗೆ ಒಂದು ರಜೆಯ ದಿನ ಕೂತು, ಈ ಕೆಲಸದಲ್ಲಿ ಬಹಳ ಮಂದಿ ಮಾಡುವುದನ್ನೇ ನಾನೂ ಮಾಡಿದೆ. ಮೂವತ್ತು ದಿನ ಯಾರೂ ಮಾತಾಡದ ಪ್ರಶ್ನೆಯನ್ನು ತಾನಾಗಿ ಮುಚ್ಚಿ ಸಾಲಿನಿಂದ ತೆಗೆಯುವ ಒಂದು ಸಣ್ಣ ಪ್ರೋಗ್ರಾಂ, ಒಂದು ಯಂತ್ರವೇ ಅನ್ನಿ, ಬರೆದು ಕೂರಿಸಿದೆ. ಮುಚ್ಚುವಾಗ ಅದು "ಚಟುವಟಿಕೆ ಇಲ್ಲದ ಕಾರಣ ಮುಚ್ಚಲಾಗಿದೆ, ಸಹಕಾರಕ್ಕೆ ವಂದನೆಗಳು" ಎಂದು ಬರೆಯುತ್ತಿತ್ತು. ಒಂದೇ ದಿನದಲ್ಲಿ ಸಾಲು ಅರ್ಧಕ್ಕರ್ಧ ಕರಗಿತು. ಎಷ್ಟು ಹಗುರವಾಯಿತೆಂದರೆ ಅವತ್ತು ಗಡದ್ದಾಗಿ ಊಟ ಮಾಡಿದೆ.

ಕಾಕನಿಗೆ ಹೇಗೋ ತಿಳಿಯಿತು. ವಾರದೊಳಗೆ ಬಂಟ್ವಾಳದಿಂದ ಫೋನ್ ಬಂತು. ಆರೋಗ್ಯ, ಅಮ್ಮ, ಆಫೀಸು ಎಲ್ಲ ವಿಚಾರಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದರು:

"ಅಲ್ಲ ಮಗಾ, ಉತ್ತರ ಕೊಡದ್ದು ನಾವು. ಬಾಗಿಲು ಹಾಕುವುದು ಅವರ ಮುಖಕ್ಕಾ?"

ನನಗೆ ರೇಗಿತು. ಅವತ್ತು ಆಫೀಸಿನಲ್ಲೂ ಬೈಸಿಕೊಂಡಿದ್ದೆ ಎಂದು ಈಗ ಸಬೂಬು ಹೇಳಬಹುದು, ಹೇಳುವುದಿಲ್ಲ. "ಸಂಬಳ ಇಲ್ಲದ ಚಾಕರಿ ಕಾಕ ಇದು. ಅಷ್ಟು ಬೇಜಾರಾದರೆ ನೀವೇ ಕೂತು ಉತ್ತರ ಬರೀರಿ" ಎಂದುಬಿಟ್ಟೆ. ಕಣ್ಣು ಹೋಗುತ್ತಿರುವ ಮನುಷ್ಯನಿಗೆ ಹೇಳಿದ ಮಾತು ಇದು. ಕಾಕ, "ಆಯ್ತು ಮಗಾ, ನಿನಗೂ ಕಷ್ಟ ಉಂಟು" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಳೆ ಫೋನ್ ಮಾಡಿ ಸರಿ ಮಾಡಿಕೊಳ್ಳುವ ಎಂದುಕೊಂಡೆ. ಆ ನಾಳೆಯನ್ನು ಒಂದು ವರ್ಷ ಮುಂದೂಡಿದೆ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಇರುವುದು ಒಂದು ಗಂಟೆಯ ದಾರಿ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ದಫನ ಆದ ಮೇಲೆ. ಮೂರನೆಯ ದಿನ ಹೋದೆ. ಮಗಳು ನನ್ನನ್ನು ಒಳಗಿನ ಕೋಣೆಗೆ ಕರೆದು ಕೂರಿಸಿ, ಬಾಪ ನಿಮ್ಮ ವಿಷಯ ತುಂಬ ಹೇಳ್ತಿದ್ರು ಎಂದಳು. ಅವಳು ತಂದೆಯನ್ನು ಬಾಪ ಎನ್ನುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಓದುವುದೇ ದೊಡ್ಡ ಆಸೆಯಾಗಿತ್ತಂತೆ. ಅವಳ ಫೋನಿನಲ್ಲಿ ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿ, ನೆರಿಯದ ವಾಚನಾಲಯದವರು ವಾರವಾರ ಹಾಕುವ ಬರಹಗಳನ್ನು ಓದುತ್ತಿದ್ದರು. ನಡುವೆ ಅದೂ ಕೆಟ್ಟಿತು ಎಂದಳು. ಆಮೇಲೆ, "ನಿಮಗೆ ಬರೆದಿದ್ರಲ್ಲ ಅದಕ್ಕೆ. ಬಾಪ ಹೇಳಿದ ಹಾಗೆ ನಾನೇ ಟೈಪ್ ಮಾಡಿದ್ದು. ಫೋನ್ ಮಾಡುವ ಅಂತ ಹೇಳಿದೆ ನಾನು. ಅವಳಿಗೆ ಕೆಲಸ ಜಾಸ್ತಿ, ತೊಂದರೆ ಬೇಡ, ಎಲ್ಲರ ಹಾಗೆ ಸಾಲಿನಲ್ಲೇ ಕೇಳುವ ಅಂತ ಹೇಳಿದ್ರು" ಎಂದಳು.

ನಾನು ಅಂಥದ್ದೇನನ್ನೂ ನೋಡಿರಲಿಲ್ಲ. ಹಾಗೆಂದು ಹೇಳಲು ಅಲ್ಲಿ ಬಾಯಿ ಬರಲಿಲ್ಲ.

ಮನೆಗೆ ಬಂದು ಹುಡುಕಿದೆ. ಅವರ ಹೆಸರಿನಲ್ಲಿ ಏನೂ ಸಿಗಲಿಲ್ಲ, ಮಗಳ ಹೆಸರಿನಲ್ಲಿ ಸಿಕ್ಕಿತು. ಮುಚ್ಚಿದ ಪ್ರಶ್ನೆಗಳ ರಾಶಿಯಲ್ಲಿತ್ತು, ಕನ್ನಡದಲ್ಲಿ. "ಹೊಸ ಆವೃತ್ತಿಯಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಕಣ್ಣು ಮಂದ ಇರುವವರಿಗೆ ಓದಲು ಆಗುವುದಿಲ್ಲ. ಅವಸರ ಇಲ್ಲ." ಮೂವತ್ತು ದಿನದ ನಂತರ ಯಂತ್ರ ಅದನ್ನು ಮುಚ್ಚಿ ವಂದನೆ ಹೇಳಿತ್ತು. ಮರುದಿನವೇ ಅವರು ಮತ್ತೆ ತೆರೆಸಿದ್ದರು: "ದೋಷ ಈಗಲೂ ಉಂಟು." ಮೂವತ್ತು ದಿನಕ್ಕೆ ಮತ್ತೆ ಮುಚ್ಚಿತ್ತು. ಮತ್ತೆ ತೆರೆಸಿದ್ದರು: "ಈಗಲೂ ಉಂಟು." ಮೂರನೆಯ ಸಲ ಮುಚ್ಚಿದ ಮೇಲೆ ಯಾರೂ ತೆರೆದಿರಲಿಲ್ಲ. ತಾರೀಖು ನೋಡಿದೆ. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು.

ಬುತ್ತಿಯ ಆ ಹೊಸ ಆವೃತ್ತಿ ನನ್ನದು, ನೆರಿಯದವರು ಬಳಸುತ್ತಿದ್ದದ್ದೂ ಅದನ್ನೇ. ಪುಟ ಚೆಂದ ಕಾಣಲಿ ಎಂದು ಸಾಲುಗಳ ನಡುವಿನ ಅಂತರವನ್ನು ಒಂದೇ ಅಳತೆಗೆ ಕಟ್ಟಿಹಾಕಿದ್ದೆ. ಅಕ್ಷರ ಬೆಳೆದರೂ ಅಂತರ ಬೆಳೆಯುತ್ತಿರಲಿಲ್ಲ. ಸರಿ ಮಾಡಲು ಒಂದು ಸಾಲು ಬದಲಾಯಿಸಿದರೆ ಸಾಕಿತ್ತು. ಪರೀಕ್ಷೆ ಮಾಡಿ, ಹೊಸ ಆವೃತ್ತಿ ಬಿಡುವವರೆಗೆ ಎಲ್ಲ ಸೇರಿ ಹಿಡಿದದ್ದು ಇಪ್ಪತ್ತು ನಿಮಿಷ. ನನಗೆ ಅನ್ನ ಕೊಟ್ಟವರಿಗೆ, ಅವರೇ ಕಟ್ಟಿದ ಪುಟವನ್ನು ಓದಿಕೊಳ್ಳಲು, ನಾನು ಕೊಡದೆ ಹೋದದ್ದು ಆ ಇಪ್ಪತ್ತು ನಿಮಿಷ. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ಸಮಾಧಾನ ಹೇಳುತ್ತಾರೆ, ಅದಕ್ಕೇ ಹೇಳಿಕೊಳ್ಳುವುದಿಲ್ಲ.

ಮಗಳಿಗೆ ಮಾತ್ರ ಹೇಳಲೇಬೇಕು ಅನಿಸಿತು. ಫೋನ್ ಮಾಡಿ, ಕಾಕ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ, ಮೂರು ಸಲ ಮುಚ್ಚಿದ್ದೂ ನನಗೆ ಗೊತ್ತಿರಲಿಲ್ಲ ಎಂದೆ. ಅವಳು ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ.

"ಮೂರನೇ ಸಲ ಬಂದ್ ಆದಾಗ ನನಗೆ ಸಿಟ್ಟು ಬಂದಿತ್ತು ಅಕ್ಕ. ಬಾಪನೇ ನನಗೆ ಬುದ್ಧಿ ಹೇಳಿದ್ದು. ಮುಚ್ಚುವುದು ಅವಳಲ್ಲ, ಮೆಷಿನು, ಅವಳಿಗೆ ಗೊತ್ತಾದರೆ ಸುಮ್ಮನೆ ಕೂರುವವಳಲ್ಲ ಅಂತ."

ಫೋನ್ ಇಟ್ಟೆ. ಯಂತ್ರವನ್ನು ಕಿತ್ತುಹಾಕಲು ಅದರ ಫೈಲು ತೆರೆದೆ. ಒಟ್ಟು ಹದಿನಾಲ್ಕು ಸಾಲು, ಎಲ್ಲೂ ಒಂದು ತಪ್ಪಿರಲಿಲ್ಲ. ನಾನು ಏನು ಮಾಡು ಎಂದು ಬರೆದಿದ್ದೆನೋ ಅದನ್ನೇ ಅದು ಮಾಡಿತ್ತು.