ಯಾರೂ ಗಳಿಸದ ಅರ್ಧ ಅಂಕ

ಚೆಟ್ ನೊವಿಟ್ಸ್ಕಿ ದ್ರೋಹಿ. ಜೆನೆವೀವ್ ವ್ರೋಬೆಲ್ ಈ ಮಾತನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು, ಮಾಂಸದಂಗಡಿಯ ಸಾಲಿನಲ್ಲಿ ನಿಂತು ಹೇಳಿದ್ದಳು, ಒಂದು ಸಲ ಅವನ ಮುಖಕ್ಕೇ ಹೇಳಿದ್ದಳು. ಬಫಲೋ ನಗರದಲ್ಲಿ ಹುಟ್ಟಿ, ಬಫಲೋದ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ, ಭಾನುವಾರ ಬಂತೆಂದರೆ ಬಫಲೋದ ಅಮೆರಿಕನ್ ಫುಟ್‌ಬಾಲ್ ತಂಡದ ವಿರುದ್ಧವೇ ಬಾಜಿ ಕಟ್ಟುತ್ತಿದ್ದ. ಅದೂ ನಮ್ಮ ತಂಡದ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು.

ಇಂಥವನು ಇಪ್ಪತ್ತಾರು ವರ್ಷ ಅವಳ ತಮ್ಮ ಲೆನರ್ಡ್‌ನ ಪಕ್ಕದಲ್ಲಿ ಕೂತು ಆಟ ನೋಡಿದ್ದ. ಮೂರನೆಯ ಸಾಲಿನ ಆ ಎರಡು ಸೀಟುಗಳು ವ್ರೋಬೆಲ್ ಮನೆಯವು. ಅಪ್ಪ ಹಿಡಿದದ್ದು, ತಮ್ಮ ಉಳಿಸಿಕೊಂಡದ್ದು. ಈ ವರ್ಷ ಲೆನರ್ಡ್‌ನ ಮಂಡಿಗಳು ಕೈಕೊಟ್ಟವು. ಮೆಟ್ಟಿಲು ಹತ್ತಲಾರದೆ ಇಡೀ ವರ್ಷದ ಎರಡೂ ಟಿಕೆಟ್‌ಗಳನ್ನು ಅಕ್ಕನ ಮುಂದಿಟ್ಟ.

"ಚೆಟ್‌ಗೆ ಸೀಟು ಕೊಡ್ಬೇಕೋ ಬೇಡ್ವೋ ನೀನೇ ನೋಡಕ್ಕ. ಆದ್ರೆ ಒಂದು ಸಲ ಅವನ ಪಕ್ಕ ಕೂತು ಆಟ ನೋಡು. ಆಮೇಲೆ ಎಷ್ಟು ಬೇಕೋ ಅಷ್ಟು ಬಯ್ಯಿ."

ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತಳಾದ ಜೆನೆವೀವ್‌ಗೆ ನೋಡುವುದೇನೂ ಉಳಿದಿರಲಿಲ್ಲ. ತಮ್ಮನಿಗೆ ಕೊಟ್ಟ ಮಾತಿಗೆಂದು ಒಂದು ಟಿಕೆಟ್ಟನ್ನು ಚೆಟ್‌ಗೆ ಕಳಿಸಿ, ಡಿಸೆಂಬರಿನ ಒಂದು ಭಾನುವಾರ ಉಣ್ಣೆಯ ಮೇಲೆ ಉಣ್ಣೆ ಹೊದ್ದು ಹೊರಟಳು.

ಚೆಟ್ ಆಗಲೇ ಬಂದು ಇಬ್ಬರ ಸೀಟಿನ ಹಿಮವನ್ನೂ ಗುಡಿಸಿ, ಸಾಸೇಜು ಇಟ್ಟ ಬ್ರೆಡ್ಡು ಜಗಿಯುತ್ತಿದ್ದ.

"ಇವತ್ತೂ ನಮ್ಮ ವಿರುದ್ಧವೇ ಕಟ್ಟಿದ್ದೀಯಾ?"

"ಹೌದು ಮಿಸ್. ಕ್ಷೌರದಂಗಡಿ ಗಸ್ ಹತ್ರ. ಕ್ಲೀವ್‌ಲ್ಯಾಂಡ್ ಮೇಲೆ, ಆರೂವರೆ ಅಂಕ ಸೇರಿಸಿ."

"ಏನದು ಆರೂವರೆ?"

"ನಮ್ಮೋರು ಬಲವಾಗಿದ್ದಾರೆ ಅಂತ ಊರಿಗೆಲ್ಲ ಗೊತ್ತು. ಸುಮ್ನೆ ಗೆಲ್ಲೋದರ ಮೇಲೆ ಕಟ್ಟೋದಾದ್ರೆ ಎದುರಿಗೆ ಕಟ್ಟೋಕೆ ಯಾವ ದಡ್ಡ ಸಿಗ್ತಾನೆ? ಅದಕ್ಕೇ ಬಾಜಿ ಲೆಕ್ಕದಲ್ಲಿ ಅವರಿಗೆ ಮೊದಲೇ ಆರೂವರೆ ಕೊಟ್ಟುಬಿಡೋದು. ನಮ್ಮೋರು ಏಳೋ ಹೆಚ್ಚೋ ಅಂಕದಿಂದ ಗೆದ್ರೆ ನಾನು ಸೋತೆ. ಆರರಿಂದ ಗೆದ್ರೆ ಅವರೂ ಗೆದ್ರು, ನಾನೂ ಗೆದ್ದೆ."

"ಆ ಅರ್ಧ ಅಂಕ ಯಾವ ಆಟಗಾರ ಗಳಿಸ್ತಾನಪ್ಪಾ?"

"ಯಾರೂ ಇಲ್ಲ ಮಿಸ್. ಲೆಕ್ಕ ಸಮ ಆಗಿ ಕಿತ್ತಾಟ ಆಗ್ದಿರ್ಲಿ ಅಂತ ಇಟ್ಟಿರೋದು."

"ಯಾರೂ ಗಳಿಸಲಾರದ ಅಂಕ! ನನ್ನ ತರಗತೀಲಿ ಇಂಥ ಲೆಕ್ಕ ಬರೆದಿದ್ರೆ ಗೋಡೆಗೆ ಮುಖ ಮಾಡಿ ನಿಲ್ಲಿಸ್ತಿದ್ದೆ."

"ನಿಮ್ಮ ತರಗತೀಲಿ ಕೂತಿದ್ರೆ ಇಷ್ಟು ಹೊತ್ತಿಗೆ ಪಾದ್ರಿ ಆಗಿರ್ತಿದ್ದೆ ಬಿಡಿ."

ಅವಳ ಮೈ ಉರಿಯಿತು. ಲೆಕ್ಕ ತಿಳಿಯಲಿಲ್ಲವೆಂದಲ್ಲ, ಒಂದೇ ಉಸಿರಿಗೆ ತಿಳಿಯಿತು, ತಿಳಿದದ್ದಕ್ಕೇ ಉರಿ. ಈ ಹಿಮದಲ್ಲಿ ಹನ್ನೊಂದು ಜನ ಮೂಳೆ ಮುರಿದುಕೊಂಡು ಗೆದ್ದರೆ, ಗೆದ್ದದ್ದು ಸಾಲದು ಎನ್ನಲು ಇವನ್ಯಾರು, ಕ್ಷೌರದಂಗಡಿಯ ಗಸ್ ಯಾರು? ಗೆಲುವಿಗೆ ಅಳತೆಗೋಲು ಹಿಡಿಯುವ ಹಕ್ಕನ್ನು ಇವರಿಗೆ ಕೊಟ್ಟವರಾದರೂ ಯಾರು?

"ಸರಿ, ನಾನೂ ಕಟ್ತೀನಿ," ಎಂದಳು. "ನಿನ್ನ ಸೀಟಿನ ಮೇಲೆ. ಆ ಆರೂವರೆ ಭಿಕ್ಷೆಯನ್ನ ಅವರಿಗೇ ಕೊಟ್ಟೆ. ನಮ್ಮೋರು ಏಳರಿಂದ ಗೆದ್ರೆ ಮುಂದಿನ ಆಟಕ್ಕೆ ನೀನು ಮನೇಲಿ ಕೂತು ಟಿವಿ ನೋಡು. ಇಲ್ದಿದ್ರೆ ಸೀಟು ನಿಂದೇ, ನಾನು ಮತ್ತೆ ಬಾಯಿ ಬಿಡಲ್ಲ."

ಚೆಟ್ ಜಗಿಯುವುದನ್ನು ನಿಲ್ಲಿಸಿದ. "ಹೊಸಬರು ಮನಸ್ಸು ಕೊಟ್ಟ ತಂಡದ ಮೇಲೆ ಕಟ್ಟಬಾರದು ಮಿಸ್. ಹಾಳಾಗ್ತೀರಿ."

"ನನ್ನ ತಂಡದ ಮೇಲೆ ನನಗೆ ನಂಬಿಕೆ ಇದೆ. ನಿನ್ನ ಹಾಗಲ್ಲ."

ಆಟ ಮುಗಿಯಲು ಒಂದೂವರೆ ನಿಮಿಷ ಉಳಿದಾಗ ನಮ್ಮವರು ಇಪ್ಪತ್ತನಾಲ್ಕು, ಕ್ಲೀವ್‌ಲ್ಯಾಂಡ್ ಇಪ್ಪತ್ತು. ಚೆಂಡು ನಮ್ಮದು, ಎದುರಾಳಿಯ ಗೆರೆಗೆ ಮೂರೇ ಹೆಜ್ಜೆ. ಗೆರೆ ದಾಟಿದರೆ ಇನ್ನೂ ಆರು ಅಂಕ; ನಾಲ್ಕಕ್ಕೆ ಆರು ಸೇರಿದರೆ ಹತ್ತು. ಜೆನೆವೀವ್ ಎದ್ದು ನಿಂತಳು.

ನಮ್ಮ ನಾಯಕ ಚೆಂಡು ಹಿಡಿದು ಅಲ್ಲೇ ಮಂಡಿಯೂರಿದ.

ಕ್ರೀಡಾಂಗಣ ಗುಡುಗಿತು. ಮಂಡಿಯೂರಿದರೆ ಗಡಿಯಾರ ಓಡುತ್ತದೆ, ಚೆಂಡು ಎದುರಾಳಿಯ ಕೈಗೆ ಹೋಗುವುದೇ ಇಲ್ಲ, ಗೆಲುವು ಖಾತ್ರಿ; ಆದರೆ ನಾಲ್ಕರಿಂದಷ್ಟೇ. ಚೆಟ್ ಎರಡೂ ಕೈ ಮೇಲೆತ್ತಿ, "ಗೆದ್ವಿ! ಗೆದ್ದೇಬಿಟ್ವಿ!" ಎಂದು ಮಕ್ಕಳಂತೆ ಕುಣಿದ.

"ಏಳೋ!" ಜೆನೆವೀವ್ ಕಿರುಚಿದಳು. "ಮೂರು ಹೆಜ್ಜೆ ಓಡೋಕಾಗಲ್ವೇನೋ ಹೇಡಿ!"

ಸುತ್ತಲಿನವರು ತಿರುಗಿ ನೋಡಿದರು. "ಯಾವ ಊರಿನವಳಮ್ಮಾ ನೀನು?" ಎಂದು ಹಿಂದಿನ ಸಾಲಿನ ಗಂಡಸೊಬ್ಬ ಗದರಿದ. ನಾಯಕ ಎರಡನೆಯ ಸಲ ಮಂಡಿಯೂರಿದ. ಸೀಟಿನಡಿಯ ಹಿಮ ಯಾವಾಗ ಅವಳ ಮುಷ್ಟಿಗೆ ಬಂತೋ, ಯಾವಾಗ ಉಂಡೆಯಾಯಿತೋ. ಅದು ನಮ್ಮದೇ ತಂಡದತ್ತ ಹಾರಿ, ಅಲ್ಲಿಯವರೆಗೆ ತಲುಪಲಾರದೆ, ಕಟಕಟೆಯ ಬಳಿ ನಿಂತಿದ್ದ ಕಾವಲುಗಾರನ ಕತ್ತಿಗೆ ಬಡಿಯಿತು.

ಅವನು ಕಾಲರಿನಿಂದ ಹಿಮ ಕೊಡವುತ್ತ ಮೇಲೆ ಬಂದ. "ಯಾರು ಎಸೆದದ್ದು? ಎಸೆದವರ ಸೀಟು ಈ ವರ್ಷಕ್ಕೆ ರದ್ದು. ಟಿಕೆಟ್ ತೆಗೀರಿ."

"ಇವಳೇ, ಈ ಮುದುಕಿ..." ಎಂದು ಹಿಂದಿನವನು ಶುರುಮಾಡಿದ.

"ನಾನು," ಎಂದ ಚೆಟ್.

ಕಾವಲುಗಾರ ಅವನನ್ನು ನೋಡಿದ. "ನೀನಾ, ಚೆಟ್? ನಮ್ಮೋರು ಗೆದ್ದಿದ್ದಕ್ಕೆ ಹೊಟ್ಟೆ ಉರೀತಾ?"

"ಹ್ಞೂಂ, ಉರೀತು. ವಿರುದ್ಧ ಕಟ್ಟಿದ್ನಲ್ಲ."

ಹಿಂದಿನವನೊಬ್ಬನನ್ನು ಬಿಟ್ಟು ಅಲ್ಲಿ ಇದ್ದವರೆಲ್ಲ ಅದನ್ನು ನಂಬಿದರು. ನಂಬದಿರಲು ಯಾರಿಗೂ ಕಾರಣವಿರಲಿಲ್ಲ; ಇಪ್ಪತ್ತಾರು ವರ್ಷದ ಹೆಸರು ಅದು. ತಪ್ಪು ಮಾಡಿದವರು ತಾವಾಗಿ ಎದ್ದು ನಿಲ್ಲಬೇಕೆಂದು ಸಾವಿರಾರು ಮಕ್ಕಳಿಗೆ ಹೇಳಿದ್ದ ಜೆನೆವೀವ್ ನಿಂತೇ ಇದ್ದಳು, ಬಾಯಿ ತೆರೆದೇ ಇತ್ತು, ಅದರಿಂದ ಬಿಳಿ ಉಸಿರು ಮಾತ್ರ ಹೊರಬರುತ್ತಿತ್ತು.

ಚೆಟ್ ಹಲ್ಲಿನಿಂದ ಕೈಗವಸು ಕಚ್ಚಿ ಎಳೆದು, ಒಳಜೇಬಿನಿಂದ ಟಿಕೆಟ್ ತೆಗೆದು, ಅದರ ಮಡಿಕೆಯನ್ನು ಹೆಬ್ಬೆರಳಿನಿಂದ ಸರಿಪಡಿಸಿ ಕಾವಲುಗಾರನ ಕೈಗಿಟ್ಟ.